ಹಸಿವಿನ ಬಾಟಲಿ

ಕಣಗಲಾ, ಗುರುವಾರ

ಲಖನ,

‘ಪ್ರೀತಿಯ’ ಎಂದು ಬರೆಯಲು ಹೊರಟಿದ್ದೆ, ಕೈ ಬರಲಿಲ್ಲ. ನಿನ್ನ ಮೇಲೆ ಎಷ್ಟು ಹೇಸಿಗೆಯಾಗಿದೆಯೋ ನನ್ನ ಮೇಲೂ ಅಷ್ಟೇ ಆಗಿದೆ.

ಹೋದ ತಿಂಗಳು ನೀನು ಟೈ ಕಟ್ಟಿಕೊಂಡು, ಕಂಪನಿಯ ಟಾನಿಕ್ ಪೆಟ್ಟಿಗೆ ಹೊತ್ತು ನಮ್ಮ ಶಾಲೆಗೆ ಬಂದಾಗ ಎದೆಯುಬ್ಬಿಸಿ ನಿಂತವಳು ನಾನೇ. ನನ್ನ ಕೈಯಲ್ಲಿ ಕಲಿತ ಹುಡುಗ ಮಕ್ಕಳಿಗೆ ವಿಟಮಿನ್ ಪಾಠ ಮಾಡುತ್ತಾನೆ ಎಂದು ಹಿಗ್ಗು. ನುಗ್ಗೆಸೊಪ್ಪು, ನೆಲ್ಲಿಕಾಯಿ ಎಲ್ಲ ಐದು ನಿಮಿಷದಲ್ಲಿ ಮುಗಿಯಿತು. ಆಮೇಲೆ ಹಸಿವು ಹೆಚ್ಚಿಸುವ ಗಿಡಮೂಲಿಕೆ ಬಾಟಲಿಯದೇ ಪುರಾಣ. ಐದನೇ ತರಗತಿಯ ಮಯೂರಿಯನ್ನು ಕರೆದು ನೀನು ಕೇಳಿದ್ದು ಒಂದೇ ಮಾತು: “ರಾತ್ರಿ ಊಟ ಮಾಡ್ತಿಯೇನವಾ?” “ಇಲ್ರಿ ಸರ” ಅಂದಿತು ಕೂಸು. ‘ಹಸಿವು ಕಡಿಮೆ’ ಎಂದು ಚೀಟಿ ಬರೆದುಬಿಟ್ಟೆಯಲ್ಲ!

ಅವಳ ಮನೆಯವರು ಜೈನರು, ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲ ಎಂದು ನಿನಗೆ ಗೊತ್ತಿರಲಿಲ್ಲವೇ? ಅವಳ ಅಜ್ಜಿ ಜಿನ್ನವ್ವನ ಪಡಸಾಲೆಯಲ್ಲಿ ನೀನು ಎಷ್ಟು ಸಂಜೆ ರೊಟ್ಟಿ ತಿಂದಿಲ್ಲ! “ಲಗೂ ಉಣ್ಣೋ ಲಖನಾ, ಹೊತ್ತ ಮುಳಗಾಕತ್ತೈತಿ” ಎಂದು ಅವರು ತುಪ್ಪ ಸುರಿಯುತ್ತಿದ್ದರು.

ಚೀಟಿ ಕಂಡು ಗಾಬರಿಯಾಗಿ ಜಿನ್ನವ್ವ ಶಾಲೆಗೆ ಬಂದು, ಮಾರಲೆಂದು ನೀನು ನನ್ನ ಬಳಿ ಬಿಟ್ಟುಹೋಗಿದ್ದ ಬಾಟಲಿಗಳಲ್ಲಿ ಒಂದನ್ನು ಕೊಂಡರು. ಓದು ಬಾರದವರು, ನನ್ನ ಮುಂದೆ ಹಿಡಿದರು. “ಇದರಾಗ ಏನೇನ್ ಹಾಕ್ಯಾರ್ರಿ ಅಕ್ಕೋರ?” ನೀನು ಹೇಳಿಕೊಟ್ಟದ್ದನ್ನೇ ನಾನು ಒಪ್ಪಿಸಿದೆ: “ಬರೇ ಗಿಡಮೂಲಿಕಿ ಐತ್ರಿ, ಕುಡಸ್ರಿ.” ಹಿಂದೆ ತಿರುಗಿಸಿ ಓದಲಿಲ್ಲ. ಮಕ್ಕಳಿಗೆ ಓದು ಕಲಿಸುವವಳು ನಾನು, ಥೂ!

ಮೊನ್ನೆ ಸೋಮವಾರ ಮಯೂರಿಯೇ ಓದಿದಳು. ಸಣ್ಣ ಅಕ್ಷರ ಕೂಡಿಸಿ ಕೂಡಿಸಿ, ಅಜ್ಜಿಗೆ ಕೇಳುವಂತೆ: ಜೇನುತುಪ್ಪ. ಜೇನು ತೆಗೆಯುವಾಗ ಸಾಯುವ ಜೀವಗಳನ್ನು ನೆನೆದು, ತಲೆಮಾರುಗಳಿಂದ ಆ ಮನೆಯವರು ಮುಟ್ಟದ ಪದಾರ್ಥ ಅದು. ಜಿನ್ನವ್ವ ತಿಂಗಳಿಡೀ ದಿನಕ್ಕೆರಡು ಚಮಚ ಕೈಯಾರೆ ಕುಡಿಸಿದ್ದರು.

ಹೋಗಿ ಕಾಲು ಹಿಡಿದೆ. ಬೈದಿದ್ದರೆ ಹಗುರಾಗುತ್ತಿತ್ತು. “ನೀವರೆ ಏನ್ ಮಾಡ್ತೀರಿ, ಕುಡಿಸಿದಾಕಿ ನಾ” ಎಂದರು. ಪ್ರಾಯಶ್ಚಿತ್ತಕ್ಕೆಂದು ಐದು ದಿನದ ಉಪವಾಸ ಹಿಡಿದಿದ್ದಾರೆ, ಬರೀ ಕಾಸಿದ ನೀರು. ಇಂದಿಗೆ ಮೂರು ದಿನ. ಎಪ್ಪತ್ತೆಂಟರ ಜೀವ ಗೋಡೆಗೊರಗಿ ಕುಳಿತಿದೆ. ಅಜ್ಜಿ ಉಣ್ಣುವತನಕ ತನಗೂ ಬೇಡವೆಂದು ನಿನ್ನೆಯಿಂದ ಮಯೂರಿ ತಟ್ಟೆ ದೂಡುತ್ತಿದ್ದಾಳೆ. ನಿನ್ನ ಚೀಟಿ ಈಗ ಖರೆಯಾಯಿತು ನೋಡು.

ರವಿವಾರ ಜಿನ್ನವ್ವ ಉಪವಾಸ ಬಿಡುತ್ತಾರೆ. ಹೊತ್ತು ಮುಳುಗುವ ಮುಂಚೆ ಬಾ, ಪೆಟ್ಟಿಗೆ ತರಬೇಡ. ತಪ್ಪು ನಮ್ಮಿಬ್ಬರದು ಎಂದು ಅವರ ಮುಂದೆ ಹೇಳೋಣ. ಅವರು ಮೊದಲು ನಿನಗೇ ಊಟಕ್ಕೆ ಹಾಕುತ್ತಾರೆ, ನನಗೆ ಗೊತ್ತು. ಆ ತುತ್ತು ನಿನ್ನ ಗಂಟಲಲ್ಲಿ ಸಲೀಸಾಗಿ ಇಳಿಯದಿರಲಿ. ಸದ್ಯಕ್ಕೆ ಇದೇ ನನ್ನ ಆಶೀರ್ವಾದ.

ನಿನಗೆ ಅಕ್ಷರ ಕಲಿಸಿದ,
ವಿದ್ಯಾ ಅಕ್ಕೋರು