ಹರಗೋಲಿನ ಫೋಟೋ

ಸುಧಾ,

ಈ ಎಲೆಕ್ಷನ್ನಿನಾಗ ಆ ಪಾರ್ಟಿಗೆ ಹೋದ ಮ್ಯಾಲೆ ನೀನು ನನ್ನ ನಂಬರ್ ಬ್ಲಾಕ್ ಮಾಡಿದಿ. ಅದಕ್ಕ ಹಾಳಿ ಮ್ಯಾಲೆ ಬರಿಯಾಕತ್ತೀನಿ. ಇದನ್ನ ಕಳಸಂಗಿಲ್ಲ.

ಇವತ್ತು ಕಂಪ್ಲಿಯ ನಮ್ಮ ಪಾರ್ಟಿ ಆಫೀಸಿನಾಗ ಪಂಪೇಶ್ ನಿನ್ನ ಫೋಟೋ ತೋರಿಸಿದ, ನಿನ್ನ ಫೇಸ್‌ಬುಕ್ಕಿನಿಂದ ತಗೊಂಡಿದ್ದಂತ. ಹಂಪಿ ಹೊಳ್ಯಾಗ ಹರಗೋಲು ಗರಗರ ತಿರುಗಿದಾಗ ನೀನು ಅಂಜಿ ಕಣ್ಣು ಮುಚ್ಚಿದ್ದಿ ನೋಡು, ಅದ. ಕೆಳಗ ‘ಸೋಲಿನ ಭಯ’ ಅಂತ ಬರೆದು, ಹೆಂಗಸರಿಗೆ ಬೈಯುವಂಥ ಒಂದು ಹೊಲಸು ಮಾತು ಸೇರಿಸಿದ್ದ. ಎಲ್ಲರೂ ನಕ್ಕರು. ನಾನೂ ನಕ್ಕೆ.

ಆ ಫೋಟೋದಾಗ ನಿನ್ನ ಪಕ್ಕದಾಗ ಕುಂತಿದ್ದ ನನ್ನನ್ನ ನೀನ ಯಾವತ್ತೋ ಕತ್ತರಿಸಿ ತೆಗೆದಿದ್ದಿ. ಆದ್ರ ನಿನ್ನ ಹೆಗಲು ಹಿಡಿದಿದ್ದ ನನ್ನ ಬೆರಳು ಹಂಗ ಉಳಿದಾವು.

“ಶೈಲಕ್ಕ, ಈ ಬೆರಳು ಯಾರವು?” ಅಂತ ಪಂಪೇಶ್ ನನ್ನ ಕೇಳಿದ.

ಫೋಟೋದಾಗಿದ್ದ ಅದ ಉಂಗುರದ ಬೆರಳು ಸೆರಗಿನಾಗ ಮುಚ್ಚಿಕೊಂಡು, “ಯಾರಿಗ್ಗೊತ್ತಪ್ಪ” ಅಂದೆ.

“ಹಂಗಾರ ಅಳಿಸಿಬಿಡ್ತೀನಿ, ಚೆಂದ ಕಾಣವಲ್ದು” ಅಂದು, ನನ್ನೆದುರಿಗೇ ಅಳಿಸಿ ಗ್ರೂಪಿಗೆ ಹಾಕಿದ.

ಮನಿಗೆ ಬಂದಾಗಿಂದ ಒಂದು ಕಡೆ ಕುಂದ್ರಾಕ ಆಗವಲ್ದು. ಫೋನ್ ಇಡ್ತೀನಿ, ಮತ್ತ ತೆಗಿತೀನಿ. ಊರಿನ ಎಲ್ಲಾ ಗ್ರೂಪಿನಾಗೂ ಅದ ಬರಾಕತ್ತೈತಿ. ಪ್ರತಿ ಸಲನೂ ನೀನು ನಡುಹೊಳ್ಯಾಗ ಕಣ್ಣು ಮುಚ್ಚಿಕೊಂಡು ಕುಂತಿರ್ತಿ, ಯಾರೋ ಹಿಡಕೊಂಡಾರ ಅಂತ ತಿಳಕೊಂಡು.