ಬಗ್ಗಲಾರದ ಸೊಸೆ

ತಾಷ್ಕೆಂಟ್, ಆಸ್ಪತ್ರೆಯಿಂದ

ಮರ್ಗಿಲಾನಿನ ಅತ್ತೆಯವರಿಗೆ,

ಕೂತರೂ ನೋವು, ಮಲಗಿದರೂ ನೋವು. ವಾರ್ಡಿನಲ್ಲೆಲ್ಲ ಅಡ್ಡಾಡಿ ದಾದಿಯಿಂದ ಬೈಸಿಕೊಂಡು, ಈಗ ಕಿಟಕಿಯ ಕಟ್ಟೆಯ ಮೇಲೆ ಕಾಗದವಿಟ್ಟು ನಿಂತೇ ಬರೆಯುತ್ತಿದ್ದೇನೆ. ನಾಳೆ ಮತ್ತೆ ಆಪರೇಷನ್. ಹೋದ ವರ್ಷ ಸೊಂಟದ ಮೂಳೆಗಳನ್ನು ಬೆಸೆಯಲು ಹಾಕಿದ್ದ ತಿರುಪುಗಳು ಸಡಿಲವಾಗಿವೆ, ಮೂಳೆ ಕೂಡಿಕೊಂಡಿಲ್ಲ. "ಭಾರ ಎತ್ತಿದ್ರಾ? ಎಲ್ಲಾದ್ರೂ ಬಿದ್ರಾ?" ಎಂದು ಡಾಕ್ಟರು ಕೇಳಿದರು. ಇಲ್ಲವೆಂದೆ. ಬಗ್ಗಿ ಬಗ್ಗಿ ಸಲಾಂ ಮಾಡಿದ್ರಾ ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಮೈದುನನ ಮದುವೆಯಲ್ಲಿ ಸೊಸೆಯಾದವಳು ಸೊಂಟ ಬಗ್ಗಿಸಿ ಸಲಾಂ ಮಾಡಬೇಕಾದಲ್ಲಿ, ಬಂದವರಿಗೆಲ್ಲ ನಾನು ತಲೆಯಷ್ಟೇ ತಗ್ಗಿಸುತ್ತಿದ್ದಾಗ ನಿಮ್ಮ ಅಕ್ಕ, "ಏನೇ, ನಿನ್ನ ಸೊಸೆ ಕಬ್ಬಿಣ ನುಂಗಿದ್ದಾಳಾ? ಬಗ್ಗೋದೇ ಇಲ್ವಲ್ಲ!" ಎಂದರು. ಎಲ್ಲರೂ ನಕ್ಕರು, ನೀವೂ ನಕ್ಕಿರಿ. "ಮದುವೆ ಮನೇಲಿ ಆಪರೇಷನ್ ಮಾತು ಎತ್ಬೇಡ" ಎಂದು ನೀವು ಮೊದಲೇ ಹೇಳಿದ್ದರಿಂದ ನಾನು ಬಾಯಿ ಬಿಡಲಿಲ್ಲ. ಆಮೇಲೆ ಕತ್ತಲಾಗುವವರೆಗೂ ಪ್ರತಿಯೊಬ್ಬರಿಗೂ ಸೊಂಟದಿಂದಲೇ ಬಗ್ಗಿದೆ.

ಅಂಗಳದ ಕಸಬರಿಗೆಗೆ ಉದ್ದನೆಯ ಕೋಲು ಕಟ್ಟಿಸಿಡಿ. ದ್ರಾಕ್ಷಿ ಚಪ್ಪರದ ಕೆಳಗೆ ಒಂದು ಕುರ್ಚಿ ಹಾಕಿಸಿ. ಇನ್ನು ಮೇಲೆ ನೆಲದಲ್ಲಿ ಕೂತು ಉಣ್ಣಲು ನನ್ನಿಂದಾಗದು.

ನಾನು ಬರುವ ದಿನ ನಿಮ್ಮ ಅಕ್ಕ ಬಂದೇ ಬರುತ್ತಾರೆ. ಬಾಗಿಲಲ್ಲಿ ನಾನು ನೆಟ್ಟಗೆ ನಿಂತಿರುತ್ತೇನೆ. ಅವರು ಮತ್ತೆ ಅದನ್ನೇ ಕೇಳಿದರೆ, "ಹೌದು, ಕಬ್ಬಿಣಾನೇ" ಎಂದು ಎಲ್ಲರೆದುರು ನೀವೇ ಹೇಳಬೇಕು. ಹೇಳಲಾಗದಿದ್ದರೆ ಈಗಲೇ ತಿಳಿಸಿಬಿಡಿ. ಇಲ್ಲಿಂದ ನೇರ ತವರಿಗೆ ಹೋಗುತ್ತೇನೆ.

ನಿಂತೇ ಸಲಾಂ ಹೇಳುತ್ತಿರುವ
ನಿಮ್ಮ ಸೊಸೆ,
ಮುಹಯ್ಯೊ