ಜಗಳ ನಿನ್ನದು, ರಾಜಿ ನನ್ನದು

ಭಾನುವಾರ, ಮಧ್ಯಾಹ್ನ

ಪ್ರೀತಿಯ ಜಗಳಗಂಟಿಗೆ,

ಈ ಹೆಸರು ನೋಡಿಯೇ ನಿನ್ನ ಮೂಗಿನ ತುದಿ ಕೆಂಪಾಗಿರುತ್ತದೆ. ಇರಲಿ. ಹರಿದು ಬಿಸಾಡುವ ಮೊದಲು ಪೂರ್ತಿ ಓದು, ಆಮೇಲೆ ನಿನ್ನಿಷ್ಟ. ವಿಳಾಸ ಯಾರು ಕೊಟ್ಟರು ಅಂತ ತಲೆ ಕೆಡಿಸಿಕೊಳ್ಳಬೇಡ. ನಿನ್ನ ತಮ್ಮ ಬಸ್ಸಿನಲ್ಲಿ ಸಿಕ್ಕಿದ್ದ, ಬಾಯಿ ಬಿಡಿಸಿದೆ. ಅಕ್ಕ ಈಗ ಔಷಧಿ ಕಂಪನಿಯಲ್ಲಿದ್ದಾಳೆ, ಮಾತ್ರೆ ಡಬ್ಬಿಯೊಳಗೆ ಇಡೋ ಚೀಟಿ ಬರೀತಾಳೆ ಅಂದ. ನಗು ತಡೆಯಲಾಗಲಿಲ್ಲ ಕಣೆ. ವಾರಪತ್ರಿಕೆಯ ಓದುಗರನ್ನು ವಾರವಿಡೀ ಅಳಿಸುತ್ತಿದ್ದವಳು ಈಗ ಊಟವಾದ ಮೇಲೆ ನೀರಿನ ಜೊತೆ ನುಂಗಿ ಅಂತ ಬರೆಯುತ್ತಿದ್ದೀಯಲ್ಲ.

ನನ್ನದೊಂದು ಕೆಲಸದ ವಿಷಯ. ಅಷ್ಟೇ, ಬೇರೇನೂ ಇಲ್ಲ.

ಪ್ರಕಾಶನ ಸಂಸ್ಥೆಯೊಂದರ ಸಂಪಾದಕಿ ಹೊಸ ಕಾದಂಬರಿ ಬರೆದುಕೊಡಿ ಅಂತ ನನ್ನನ್ನು ಹುಡುಕಿಕೊಂಡು ಬಂದಳು. ಇನ್ನೂ ಹುಡುಗಿ, ನನ್ನ ಮಗಳಿಗಿಂತ ಚಿಕ್ಕವಳು. ಅವಳ ಅಮ್ಮ ನಮ್ಮ ಕಾದಂಬರಿಗಳನ್ನು ಹಿಟ್ಟಿನ ಡಬ್ಬಿಯ ಹಿಂದೆ ಬಚ್ಚಿಟ್ಟುಕೊಂಡು ಓದುತ್ತಿದ್ದರಂತೆ. ಪುಸ್ತಕದ ಮೇಲಿದ್ದ ಆ ಒಂದು ಹೆಸರಿನ ಹಿಂದೆ ಇಬ್ಬರು ಹೆಂಗಸರಿದ್ದರು ಅಂದರೆ ನಂಬಲೇ ಇಲ್ಲ. ಯಾರು ಏನು ಬರೀತಿದ್ರಿ ಅಂತ ಕೇಳಿದಳು. ಪ್ರೇಮಿಗಳು ಕಿತ್ತಾಡೋದೆಲ್ಲ ಅವಳದ್ದು, ಮತ್ತೆ ಒಂದಾಗೋದೆಲ್ಲ ನನ್ನದು ಅಂದೆ. ಹಾಗಾದ್ರೆ ಅವರನ್ನೂ ಕರೀರಿ ಅಂದಳು. ನಾನು ಮಾತು ಬದಲಾಯಿಸಿದೆ.

ನಮ್ಮ ಕಾಲದ ನಾಯಕ ನೆನಪಿದ್ದಾನಾ? ಹುಬ್ಬು ಗಂಟಿಕ್ಕಿಕೊಂಡೇ ಕಾರಿನಿಂದ ಇಳಿಯುತ್ತಿದ್ದ, ಅರ್ಧ ಪುಸ್ತಕ ಮುಗಿಯುವವರೆಗೆ ನೆಟ್ಟಗೆ ಒಂದು ಮಾತಾಡುತ್ತಿರಲಿಲ್ಲ. ನಾಯಕಿಯೋ, ಕಂಡಕಂಡಲ್ಲಿ ಎಡವುತ್ತಿದ್ದಳು. ಅವನು ಹಿಡಿದುಕೊಂಡ ಕೂಡಲೇ ನಾವು ದೀಪ ಆರಿಸಿಬಿಡುತ್ತಿದ್ದೆವು. ನಮ್ಮ ಕಥೇಲಿ ಕರೆಂಟ್ ಹೋದಷ್ಟು ಲೋಕದಲ್ಲಿ ಎಲ್ಲೂ ಹೋಗಲ್ಲ ಅಂತ ನೀನು ಗೊಣಗುತ್ತಿದ್ದೆ. ಈಗ ದೀಪ ಉರಿಯುತ್ತಲೇ ಇರುತ್ತದೆ, ಗೊತ್ತಾ. ಹುಡುಗಿ ಕೊಟ್ಟ ಹೊಸ ಪುಸ್ತಕಗಳನ್ನೆಲ್ಲ ಓದಿದೆ. ಕೈ ಹಿಡೀಲಾ ಅಂತ ನಾಯಕ ಮೊದಲು ಕೇಳುತ್ತಾನೆ. ಅವಳು ಈಗ ಬೇಡ ಅಂದರೆ ಸುಮ್ಮನೆ ಹೋಗಿ ಪಾತ್ರೆ ತೊಳೆಯುತ್ತಾನೆ. ಇದೆಂಥ ಪ್ರೇಮ ಅಂತ ಮೊದಮೊದಲು ಮೂಗು ಮುರಿದೆ. ಆಮೇಲಾಮೇಲೆ ಆ ಪಾತ್ರೆ ತೊಳೆಯುವವನ ಮೇಲೇ ನನಗೆ ಮನಸ್ಸಾಯಿತು. ಒಂದು ಪುಸ್ತಕದಲ್ಲಂತೂ ಮದುವೆಯೇ ಇಲ್ಲ. ಅವಳು ಬೇರೆ ಊರಿನ ಕೆಲಸಕ್ಕೆ ಹೊರಡುತ್ತಾಳೆ, ಅವನು ಪೆಟ್ಟಿಗೆ ಹೊತ್ತು ತಂದು ಬಸ್ ಹತ್ತಿಸುತ್ತಾನೆ, ಅಲ್ಲಿಗೆ ಮುಗಿಯಿತು. ಓದಿ ಗಳಗಳ ಅತ್ತುಬಿಟ್ಟೆ.

ಆಗ ನಿನ್ನ ಮಾತು ನೆನಪಾಯಿತು. ನಿನ್ನ ಗಂಡ ಮನೆ ಬಿಟ್ಟು ಹೋದ ತಿಂಗಳು ಪತ್ರಿಕೆ ಕಚೇರಿಯ ಕಾರಿಡಾರಿನಲ್ಲಿ ನಿಂತು ಅಂದೆಯಲ್ಲ, ನಾವು ಮದುವೆ ದಿನ ಪುಸ್ತಕ ಮುಗಿಸಿಬಿಡ್ತೀವಿ, ಆಮೇಲಿನದನ್ನ ಯಾರು ಬರೀತಾರೆ, ಇನ್ನು ನನ್ನ ಕೈಲಾಗಲ್ಲ ಅಂತ. ಧಾರಾವಾಹಿ ಅರ್ಧಕ್ಕೆ ನಿಂತಿತ್ತು, ನನಗೂ ತಲೆ ಕೆಟ್ಟಿತ್ತು. ಹೋಗೋದಾದ್ರೆ ಹೋಗು ಅಂದೆ. ನೀನು ಹೋಗಿಯೇಬಿಟ್ಟೆ.

ಈಗ ಆ ಆಮೇಲಿನದನ್ನೇ ಬರೆಯಲು ಹೊರಟಿದ್ದೇನೆ. ನಮ್ಮ ಮೊದಲ ಕಾದಂಬರಿಯ ನಾಯಕಿ, ಆ ಟೈಪಿಸ್ಟ್ ಹುಡುಗಿಗೆ ಈಗ ಐವತ್ತು ದಾಟಿದೆ. ಕಾರಿನವನನ್ನು ಬಿಟ್ಟು ಒಬ್ಬಳೇ ಇದ್ದಾಳೆ. ಕನ್ನಡಕದ ಅಂಗಡಿಯವನೊಬ್ಬ ಅವಳ ಫ್ರೇಮು ರಿಪೇರಿ ಮಾಡುತ್ತ ಮಾಡುತ್ತ ಅವಳನ್ನು ಇಷ್ಟಪಡುತ್ತಾನೆ. ಚೆನ್ನಾಗಿ ಬಂದಿದೆ ಅಂದುಕೊಂಡಿದ್ದೆ. ಸಂಪಾದಕಿ ಹುಡುಗಿ ಓದಿ, ಮೇಡಂ, ಇಬ್ಬರೂ ಇಷ್ಟು ಒಳ್ಳೆಯವರಾದ್ರೆ ಕಥೆ ಎಲ್ಲಿದೆ, ಒಂದು ಸಲಾನೂ ಕಿತ್ತಾಡಲ್ವಲ್ಲ ಅಂದಳು. ಮತ್ತೆ ಬರೆದೆ. ಅವನು ಬಾಯಿ ತೆರೆಯುವಷ್ಟರಲ್ಲಿ ಅವಳು ಕ್ಷಮಿಸಿಬಿಡುತ್ತಾಳೆ. ನನಗೆ ಜಗಳ ಬರೆಯಲು ಬರುವುದಿಲ್ಲ. ಒಮ್ಮೆ ಕೈ ಸುಟ್ಟುಕೊಂಡವಳು ಮತ್ತೆ ಒಬ್ಬನನ್ನು ನಂಬುವ ಮೊದಲು ಏನೇನು ಕೇಳುತ್ತಾಳೆ, ಅವನ ಒಳ್ಳೆಯತನ ಕಂಡರೇ ಅವಳಿಗೆ ಯಾಕೆ ಮೈ ಉರಿಯುತ್ತದೆ, ಇದೆಲ್ಲ ನಿನಗೆ ಗೊತ್ತು. ಕೊನೆ ಹೇಗೆ ಬೇಕಾದರೂ ಇರಲಿ ಅಂದಿದ್ದಾಳೆ ಹುಡುಗಿ. ಕನ್ನಡಕದವನೂ ಬೇಡ ಅಂತ ನೀನು ಬರೆದರೆ ನಾನು ಅಡ್ಡ ಬರುವುದಿಲ್ಲ. ಆದರೆ ನೀನು ಬರೆಯದಿದ್ದರೆ ಈ ಪುಸ್ತಕ ಆಗುವುದಿಲ್ಲ.

ಬರೀ ಕೆಲಸದ ವಿಷಯ ಅಂದದ್ದು ಸುಳ್ಳು. ಪುಸ್ತಕ ಆಗದಿದ್ದರೆ ನಾನೇನೂ ಸಾಯುವುದಿಲ್ಲ. ನೀನಿಲ್ಲದೆ ನನಗೆ ಬೇಜಾರು. ಬಸ್ಸಿನಲ್ಲಿ ಗಂಡ ಹೆಂಡತಿ ಕಿಟಕಿ ಸೀಟಿಗೆ ಕಿತ್ತಾಡುವುದು ಕಂಡರೆ, ಇದನ್ನ ಅವಳಿಗೆ ಹೇಳಬೇಕು ಅಂತ ಇವತ್ತಿಗೂ ಅನ್ನಿಸುತ್ತದೆ. ಅಷ್ಟೊಂದು ಪ್ರೇಮಿಗಳನ್ನು ಒಂದು ಮಾಡಿದವಳಿಗೆ ನಮ್ಮಿಬ್ಬರನ್ನು ಒಂದು ಮಾಡುವ ಮಾತು ಇಷ್ಟು ವರ್ಷವಾದರೂ ಹೊಳೆದಿರಲಿಲ್ಲ. ಈಗಲೂ ಹೊಳೆದಿರುವುದು ಒಂದೇ. ಬಾರೇ.

ನಿನ್ನ
ಅಳುಮುಂಜಿ

ಮತ್ತೊಂದು ಮಾತು: ಲಕೋಟೆಯ ಮೇಲೆ ಅಂಚೆಚೀಟಿ ಇಲ್ಲದ್ದನ್ನು ನೋಡಿರುತ್ತೀಯ. ಅಂಚೆಗೆ ಹಾಕಿದರೆ ಉತ್ತರ ಬರೆಯದೆ ತಪ್ಪಿಸಿಕೊಳ್ಳುತ್ತೀಯ ಅಂತ ನಾನೇ ತಂದಿದ್ದೇನೆ. ಈ ಸಾಲುಗಳನ್ನು ನಿನ್ನ ಮನೆಯ ಮೆಟ್ಟಿಲ ಮೇಲೆ ಕೂತು ಗೀಚುತ್ತಿದ್ದೇನೆ, ಮುಗಿಸಿ ಬಾಗಿಲಡಿಯಿಂದ ಒಳಗೆ ತಳ್ಳುತ್ತೇನೆ. ಒಳಗೆ ರೇಡಿಯೊ ಕೇಳಿಸುತ್ತಿದೆ, ನೀನು ಮನೆಯಲ್ಲೇ ಇದ್ದೀಯ. ರಾಜಿಗೆ ನಾನು ಬಂದಾಯಿತು. ಬಾಗಿಲು ತೆರೆದು ನೀನು ಜಗಳ ಶುರು ಮಾಡು.